ಬೆಚ್ಚಗಿನ ಜಪಸರ

ದೇವರು ಕೇಳಿಸಿಕೊಂಡರೆ ಜಪಸರದ ಮಣಿ ಬಿಸಿಯಾಗುವುದು ಊರಿಗೆಲ್ಲ ಮಾಮೂಲಾಗಿತ್ತು. ಪಕ್ಕದ ಮನೆ ಫಿಲೋಮಿನಮ್ಮ ಕೆಟ್ಟ ಮಿಕ್ಸಿ ಸರಿಹೋಗಲಿ ಎಂದು ಬೇಡಿದರೂ ಬಿಸಿಯಾಗುತ್ತಿತ್ತು. ಲೋಕದ ಯುದ್ಧ ನಿಲ್ಲಲಿ ಎಂದು ದಿನಾ ಜಪಿಸುವ ಆರೋಗ್ಯಮ್ಮನ ಮಣಿಗಳು ಮಾತ್ರ ಹನ್ನೊಂದು ವರ್ಷದಿಂದ ಹೆಣದ ಕೈಯಂತೆ ತಣ್ಣಗಿದ್ದವು. ನಾಚಿಕೆಗೆ ಆಕೆ ಚರ್ಚಿನ ಪೂಜೆಗೆ ಹೊರಡುವ ಮುಂಚೆ ಸರವನ್ನು ಬಿಸಿ ಟೀ ಲೋಟಕ್ಕೆ ಸುತ್ತಿಡುತ್ತಿದ್ದಳು.

ಇವತ್ತು ಪೂಜೆ ಮುಗಿದ ಮೇಲೆ, ಮಗನನ್ನು ಯುದ್ಧಕ್ಕೆ ಕಳಿಸಿದ್ದ ಸಹಾಯಮೇರಿ ಆ ಸರ ಮುಟ್ಟಿ ಅತ್ತೇಬಿಟ್ಟಳು. "ಬೆಚ್ಚಗಿದೆಯಲ್ಲಕ್ಕಾ! ಹಾಗಾದ್ರೆ ನನ್ ಮಗ ಬರ್ತಾನೆ."

ಆರೋಗ್ಯಮ್ಮ ಸರವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನೆಟ್ಟಗೆ ಪಾಪನಿವೇದನೆಯ ಗೂಡಿಗೆ ಹೋಗಿ ಮೊಣಕಾಲೂರಿದಳು.

"ಸ್ವಾಮಿ, ನನ್ ಸರದ್ದು ಟೀ ಲೋಟದ ಬಿಸಿ. ನನ್ ಮಾತು ಅಲ್ಲಿ ಯಾರೂ ಕೇಳ್ತಿಲ್ಲ. ಕೇಳೋರಿಗೆ ಮಿಕ್ಸಿ ಮೊದಲಾ, ಮಕ್ಕಳ ಜೀವ ಮೊದಲಾ? ಸಹಾಯಮೇರಿಗೆ ನಿಜ ಹೇಳಿಬಿಡ್ಲಾ?"

ಜಾಲರಿಯ ಆಚೆ ಪಾದ್ರಿ ಸ್ವಾಮಿಗಳು ಮುಂದಕ್ಕೆ ಬಾಗಿದರು. ಆಮೇಲೆ ಅವರ ದನಿ ಸಣ್ಣಗೆ ಬಂತು.

"ಹೇಳ್ಬೇಡಿ. ಜಪಾನೂ ನಿಲ್ಲಿಸ್ಬೇಡಿ. ಆದ್ರೆ ಲೋಟದ ಬಿಸಿ ಬೇಗ ಆರುತ್ತಮ್ಮ. ನಾನು ನನ್ ಸರಾನ ಇಸ್ತ್ರಿಪೆಟ್ಟಿಗೆ ಕೆಳಗೆ ಇಡ್ತೀನಿ."