ಕಾಲರಮ್ಮನ ಹೊದಿಕೆ

"ಇದನ್ನ ಕಳಿಸೋಕಾಗಲ್ಲ," ಎಂದು ನರ್ಸಮ್ಮ ಹೊದಿಕೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಗಡಗಡ ಎನ್ನುತ್ತಿದ್ದ ಹೊಲಿಗೆ ಮೆಷಿನ್‌ಗಳು ಒಂದೊಂದಾಗಿ ಸುಮ್ಮನಾದವು. ಕಾಲರಮ್ಮನ ಮುಖ ಸಪ್ಪಗಾಯಿತು.

"ಯಾಕೆ, ಹೊಲಿಗೆ ಎಲ್ಲಾದ್ರೂ ಬಿಟ್ಟಿದೆಯಾ?"

"ಹೊಲಿಗೆಗೆ ಹೆಸರಿಡೋ ಹಾಗೇ ಇಲ್ಲ. ಮೂಲೆ ಮುಟ್ಟಿ ನೋಡಿ."

ಮುಟ್ಟಿದಳು. ನಾಲ್ಕು ಮೂಲೆಗಳೂ ಇಸ್ತ್ರಿ ಮಾಡಿದ ಅಂಗಿಯ ಕಾಲರಿನ ಹಾಗೆ ಗಟ್ಟಿಯಾಗಿ, ಚೂಪಾಗಿ ನಿಂತಿದ್ದವು. ಒಳಗೆ ಕ್ಯಾನ್ವಾಸ್ ತುಂಡು ಇಟ್ಟು ಹೊಲಿದು, ಒಳಮೈ ಹೊರಗೆ ಮಗುಚಿ, ಕಡ್ಡಿಯಿಂದ ತುದಿ ತಳ್ಳಿ ಚೂಪು ಮಾಡಿದವಳು ತಾನೇ. ಆದರೆ ಮಾಡಿದ್ದೇ ನೆನಪಿಲ್ಲ. ಗಾರ್ಮೆಂಟ್ಸಿನಲ್ಲಿ ಮೂವತ್ತೊಂದು ವರ್ಷ ಕಾಲರ್ ಹೊಲಿದು ಪಳಗಿದ ಕೈ, ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮುಗಿಸಿಬಿಟ್ಟಿತ್ತು.

"ಪುಟ್ಟ ಮಕ್ಕಳು ಮೂಲೇನೇ ಕೆನ್ನೆ ಕೆಳಗೆ ಇಟ್ಕೊಂಡು ಮಲಗೋದು ಕಾಲರಮ್ಮ. ಚುಚ್ಚುತ್ತೆ," ಎಂದರು ನರ್ಸಮ್ಮ. ಮಕ್ಕಳ ವಾರ್ಡಿನಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರ ಮಾತು, ಎದುರಾಡುವ ಹಾಗಿಲ್ಲ. "ದುಂಡಗಿರಬೇಕು. ಅನಾಥಾಶ್ರಮದ ಗಾಡಿ ಮೂರು ಗಂಟೆಗೆ ಬರುತ್ತೆ, ಈಗ ಎರಡೂಕಾಲು. ನಾಲ್ಕು ಜನ ಒಂದೊಂದು ಮೂಲೆ ಹಿಡ್ಕೊಂಡು ಕೈಹೊಲಿಗೆ ಹಾಕಿದ್ರೆ ಆಗೇಹೋಯ್ತು."

ಆ ಕೋಣೆಯಲ್ಲಿ ಕೆಲಸ ನಡೆಯುವುದೇ ಹಾಗೆ. ಒಬ್ಬರು ಕತ್ತರಿಸಿದ ಬಟ್ಟೆಯನ್ನು ಇನ್ನೊಬ್ಬರು ಜೋಡಿಸುತ್ತಾರೆ, ಮತ್ತೊಬ್ಬರು ಹತ್ತಿ ಹಾಸಿ ಅಂಚು ಕಟ್ಟುತ್ತಾರೆ. ಕಾಲರಮ್ಮ ಮಾತ್ರ ಎರಡು ತಿಂಗಳ ಹಿಂದೆ ಇಡೀ ಹೊದಿಕೆಯೊಂದನ್ನು ತನಗೇ ಬೇಕೆಂದು ಹಟ ಹಿಡಿದು ಇಸಿದುಕೊಂಡಿದ್ದಳು. ಲಕ್ಷಗಟ್ಟಲೆ ಕಾಲರ್ ಹೊಲಿದವಳು ಒಂದೇ ಒಂದು ಅಂಗಿ ಹೊಲಿದಿರಲಿಲ್ಲ. ತೋಳು ಒಬ್ಬಳದು, ಜೇಬು ಇನ್ನೊಬ್ಬಳದು, ಗುಂಡಿ ಮತ್ಯಾರದೋ. ಕೈ ಸೋಲುವ ಮುಂಚೆ ಒಂದಾದರೂ ವಸ್ತುವನ್ನು ಈ ಅಂಚಿನಿಂದ ಆ ಅಂಚಿನವರೆಗೆ ತಾನೊಬ್ಬಳೇ ಮಾಡಬೇಕೆಂಬುದು ಅವಳ ಆಸೆ. ಹೇಳಿಕೊಳ್ಳಲು ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ.

"ಬೇಡ. ಯಾರೂ ಮುಟ್ಟಬೇಡಿ," ಎಂದಳು.

ಅಂಚು ಕಟ್ಟುವವಳು ಮೂಗು ಮುರಿದಳು. "ಅಬ್ಬಬ್ಬಾ, ಜಂಬ ನೋಡಿ!"

"ಅಲ್ಲಿ ಮಕ್ಕಳು ಚಳೀಲಿ ಮುದುಡಿಕೊಂಡಿವೆ," ಎಂದರು ನರ್ಸಮ್ಮ. "ಯಾರು ಹೊಲಿದ್ರು ಅಂತ ಅವು ಕೇಳ್ತಾವಾ?"

ಮಾತು ನಾಟಿತು. "ಅವು ಕೇಳಲ್ಲ ನರ್ಸಮ್ಮ, ನಾನು ಕೇಳ್ಕೋತೀನಿ," ಎಂದಳು ಕಾಲರಮ್ಮ. "ಮೂವತ್ತೊಂದು ವರ್ಷ ಕಾಲರ್ ಹೊಲಿದೆ, ಒಂದಿನಾನೂ ಅಂಗಿ ಹೊಲೀಲಿಲ್ಲ. ಗಾಡಿ ಬರೋ ಹೊತ್ತಿಗೆ ಮುಗೀದೇ ಇದ್ರೆ ನಿಮ್ಮ ಕೈಗೇ ಕೊಡ್ತೀನಿ. ಮಗೂಗೆ ಮೋಸ ಮಾಡಲ್ಲ."

ನರ್ಸಮ್ಮ ಹೊದಿಕೆಯನ್ನು ಅವಳ ಮುಂದಕ್ಕೆ ತಳ್ಳಿದರು. "ಆಗ್ಲಿ, ಕೂತ್ಕೊಳ್ಳಿ," ಎಂದು ತಾವೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು.

ಕಾಲರಮ್ಮ ಹೊಲಿಗೆ ಬಿಚ್ಚಿದಳು, ಕ್ಯಾನ್ವಾಸ್ ಕಿತ್ತೆಸೆದಳು, ಚಹಾದ ತಟ್ಟೆ ಬೋರಲು ಹಾಕಿ ಸುತ್ತ ಸೀಮೆಸುಣ್ಣ ಎಳೆದಳು. ಗೆರೆಯ ಮೇಲೆ ಮೆಷಿನ್ ಓಡಿಸಿ ಮಗುಚಿದರೆ ಮೂಲೆಯೆಲ್ಲ ಸುಕ್ಕುಸುಕ್ಕು. ನರ್ಸಮ್ಮನ ಕೈ ತಾನಾಗಿ ಮುಂದೆ ಬಂತು. ಅವರೇ ಅದನ್ನು ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡರು. ಗಡಿಯಾರ ಎರಡೂ ಮೂವತ್ತೈದು ತೋರಿಸುತ್ತಿತ್ತು. ಮತ್ತೆ ಬಿಚ್ಚಿದಳು. ಬೆರಳು ಬೆವೆತು ಬಟ್ಟೆ ಜಾರಿತು. ಚೂಪು ಬಿಟ್ಟು ಬೇರೇನೂ ಬಾರದ ಕೈಯನ್ನು ಬೈದುಕೊಂಡಳು.

ಆಗ ನೆನಪಾದವಳು ಗಾರ್ಮೆಂಟ್ಸಿನಲ್ಲಿ ಪಕ್ಕದ ಮೆಷಿನ್‌ನವಳು, ಅಂಗಿಯ ಕತ್ತುಪಟ್ಟಿ ಹೊಲಿಯುತ್ತಿದ್ದವಳು. ಪಟ್ಟಿಯ ತುದಿ ದುಂಡಗೆ. ಮಗುಚುವ ಮುಂಚೆ ಆಕೆ ಹೊಲಿಗೆಯ ಹೊರಗೆ ಉಳಿದ ಬಟ್ಟೆಗೆ ಸುತ್ತಲೂ ಕಚಕ್ ಕಚಕ್ ಎಂದು ಸಣ್ಣ ಸಣ್ಣ ಕತ್ತರಿ ಹಾಕುತ್ತಿದ್ದಳು. ಅಷ್ಟೂ ವರ್ಷ ಆ ಸದ್ದಿಗೆ ಕಾಲರಮ್ಮ ಸಿಡಿಮಿಡಿಗೊಂಡಿದ್ದೇ ಬಂತು! ಈಗ ತಾನೂ ಕಚಕ್ ಎನಿಸಿದಳು. ಮಗುಚಿದಳು. ಮೂಲೆ ಮಗುವಿನ ಹಿಮ್ಮಡಿಯ ಹಾಗೆ ದುಂಡಗೆ ಬಂದು ಕೂತಿತು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಗಂಟೆಗಿಷ್ಟು ಎಂದು ಮೇಸ್ತ್ರಿ ನೆತ್ತಿಯ ಮೇಲೆ ನಿಂತು ಕೂಗಿದ ದಿನಗಳಲ್ಲೂ ಅವಳು ಹಾಗೆ ಹೊಲಿದಿರಲಿಲ್ಲ. ನಾಲ್ಕನೆಯ ಮೂಲೆ ಸೂಜಿಯ ಕೆಳಗಿದ್ದಾಗ ಹೊರಗೆ ಹಾರನ್ ಕೇಳಿಸಿತು. ಕಾಲರಮ್ಮನ ಕಾಲು ಪೆಡಲ್ ಮೇಲೆ ಹಾಗೇ ನಿಂತುಬಿಟ್ಟಿತು. ಕೊಟ್ಟ ಮಾತು ಕೊಟ್ಟ ಮಾತೇ. ಕಣ್ಣು ತುಂಬಿ ಬಂತು, ಬಟ್ಟೆ ಎತ್ತಿ ಕೊಡಲು ಹೋದಳು.

ಅಷ್ಟರಲ್ಲಿ ಅಂಚು ಕಟ್ಟುವವಳು ಬಾಗಿಲಿಗೆ ಓಡಿ ಡ್ರೈವರನ್ನು ತಡೆದಿದ್ದಳು. "ಬಿಸಿಲಲ್ಲಿ ಬಂದಿದೀರಿ, ಮೊದಲು ನೀರು ಕುಡೀರಣ್ಣ. ನಿಧಾನಕ್ಕೆ ಕುಡೀರಿ, ಅವಸರ ಏನಿಲ್ಲ!"

"ಗಾಡಿ ಇನ್ನೂ ಬಂದಿಲ್ಲ," ಎಂದರು ನರ್ಸಮ್ಮ, ಕಿಟಕಿಗೆ ಬೆನ್ನು ತಿರುಗಿಸಿ. "ಹೊಲೀರಿ."

ಮುಗಿಯಿತು. ನರ್ಸಮ್ಮ ಒಂದೊಂದೇ ಮೂಲೆಯನ್ನು ತಮ್ಮ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ ನೋಡಿದರು. "ಇಲ್ಲೇ ಮಲಗಿಬಿಡೋಣ ಅನ್ನಿಸ್ತಿದೆ ಕಣ್ರೀ," ಎಂದರು. ಕೋಣೆಯೆಲ್ಲ ನಕ್ಕಿತು.

ಅದನ್ನು ಪೆಟ್ಟಿಗೆಗೆ ಹಾಕಲು ಬಿಡದೆ ಕಾಲರಮ್ಮ ತಾನೇ ಎದೆಗವಚಿಕೊಂಡು ಗಾಡಿಯ ಬಳಿ ಹೋದಳು. ವರ್ಷಗಳಿಂದ ಹೊದಿಕೆ ಸಾಗಿಸುತ್ತಿದ್ದ ಡ್ರೈವರಿಗೆ ಅಲ್ಲಿನ ಪದ್ಧತಿ ಗೊತ್ತಿತ್ತು. ಕೈ ಚಾಚುತ್ತಾ, "ಇದ್ರಲ್ಲಿ ನಿಮ್ಮ ಕೆಲಸ ಯಾವುದಮ್ಮ?" ಎಂದು ಕೇಳಿದ.

ಕಾಲರಮ್ಮ ಮಡಿಕೆ ಬಿಚ್ಚಿ, ಎರಡೂ ತೋಳು ಚಾಚುವಷ್ಟು ಚಾಚಿ, ಹೊದಿಕೆಯನ್ನು ಬಿಸಿಲಿಗೆ ಹರಡಿ ಹಿಡಿದಳು. ಗದ್ದದಿಂದ ಮೊಣಕಾಲಿನವರೆಗೆ ಅವಳು ಎಲ್ಲೂ ಕಾಣಿಸಲಿಲ್ಲ.

"ಇಷ್ಟೂ," ಎಂದಳು.