ಕೆಳಗಿನ ಮೂಲೆ

"ಈ ಸುತ್ತಿಗೇಲಿ ಆ ಗಾಜು ಒಡೆಯೋದಿಲ್ಲ, ಸ್ವಾಮಿ," ಎಂದ ಸಾಕ್ಷಿಕಟ್ಟೆಯಲ್ಲಿದ್ದ ಸೈಲಸ್ ಗಾರ್ಸೈಡ್, ಮಗಳ ಮುಖ ನೋಡದೆ. ನಲವತ್ತು ವರ್ಷ ಲಂಡನ್ನಿನ ಅಂಗಡಿಗಳಿಗೆ ಗಾಜು ಕೂರಿಸಿದವನ ಮಾತಿಗೆ ಕೋರ್ಟಿನಲ್ಲೂ ಬೆಲೆಯಿತ್ತು. "ಇದು ಗಟ್ಟಿ ಮಿಠಾಯಿ ಒಡೆಯೋ ಪುಟ್ಟ ಸುತ್ತಿಗೆ. ಬೇರೆ ಯಾರೋ ಕಲ್ಲು ಎಸೆದಿರಬೇಕು."

ಕಟಕಟೆಯಲ್ಲಿದ್ದ ಹೆಸ್ಟರಳಿಗೆ ಮೈಯೆಲ್ಲ ಉರಿಯಿತು. "ಹೆಂಗಸರಿಗೆ ಮತದ ಹಕ್ಕು ಕೊಡಿ" ಎಂದು ಕೂಗುತ್ತಲೇ ಟೋಪಿ ಅಂಗಡಿಯ ಗಾಜು ಒಡೆದವಳು ಅವಳು. ಜೈಲಿನಲ್ಲಿ ಹಟ ಹಿಡಿದು ಊಟ ಬಿಟ್ಟು ಕೂತ ಇಂಥ ಹೆಂಗಸರ ಮೂಗಿಗೆ ನಳಿಗೆ ತುರುಕಿ ಗಂಜಿ ಇಳಿಸುತ್ತಾರೆಂದು ಅಪ್ಪನಿಗೆ ದಿಗಿಲು. ಅದಕ್ಕೇ ಈ ಸುಳ್ಳು.

ಮ್ಯಾಜಿಸ್ಟ್ರೇಟರು ನಕ್ಕರು. "ಕೇಳಿದೆಯೇನಮ್ಮ? ನಿನ್ನ ಕೈಲಾಗೋ ಕೆಲಸ ಅಲ್ಲವಂತೆ. ಮನೆಗೆ ಹೋಗಿ ಅಪ್ಪನಿಗೆ ಟೀ ಮಾಡಿಕೊಡು."

"ಸುತ್ತಿಗೆ ನನ್ನ ಕೈಗೆ ಕೊಟ್ಟು ನೋಡಿ, ಸ್ವಾಮಿ. ಇಷ್ಟು ಚಿಕ್ಕದಕ್ಕೂ ಹೆದರ್ತೀರಾ?"

ಜನ ಗೊಳ್ಳೆಂದರು. "ಕೊಡ್ರಯ್ಯ, ಆ ಚೆಂದಾನೂ ನೋಡೋಣ," ಎಂದರು ಮ್ಯಾಜಿಸ್ಟ್ರೇಟರು.

ಕಟಕಟೆಯ ಪಕ್ಕದಲ್ಲೇ ಕಾನೂನು ಪುಸ್ತಕಗಳ ಕಪಾಟಿತ್ತು. ಬಾಗಿಲಿಗೆ ಆಳೆತ್ತರದ ದಪ್ಪ ಗಾಜು. ಹೆಸ್ಟರ್ ಅದರ ನಡುವಿನತ್ತ ನೋಡಲೂ ಇಲ್ಲ. ಕಟಕಟೆಯಿಂದಿಳಿದು ಬಗ್ಗಿ, ಬೆರಳಿನಿಂದ ಕೆಳಗಿನ ಮೂಲೆ ತಡವಿ, ಅಲ್ಲಿ ಒಂದೇ ಒಂದು ಏಟು ಹಾಕಿದಳು. ಇಡೀ ಗಾಜು ಝಲ್ಲೆಂದು ಇಳಿದು ಅವಳ ಪಾದದ ಸುತ್ತ ಚೆಲ್ಲಿತು.

"ಯಾರೇ ನಿನಗಿದನ್ನ ಕಲಿಸಿದ್ದು?" ಮ್ಯಾಜಿಸ್ಟ್ರೇಟರು ಮೇಜು ಗುದ್ದಿದರು.

ಹೆಸರು ಹೇಳಿದರೆ ಅಪ್ಪನ ಸುಳ್ಳು ಬಯಲಾಗುತ್ತದೆ. ಹೆಸ್ಟರ್ ಸುತ್ತಿಗೆಯನ್ನು ಕಟಕಟೆಯ ಮೇಲಿಟ್ಟಳು.

ಸೈಲಸ್ ನೆಲದ ಮೇಲಿನ ಚೂರುಗಳನ್ನು ನೋಡಿದ. ಆಮೇಲೆ, ಆ ದಿನ ಮೊದಲ ಸಲ, ಮಗಳನ್ನು ನೋಡಿದ.

"ನಾನೇ, ಸ್ವಾಮಿ," ಎಂದ. "ಆಗ ಏಳು ವರ್ಷದವಳು. ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ."