ಇಪ್ಪತ್ತೊಂದರ ನಂತರ

“ಇಪ್ಪತ್ತೊಂದು,” ಎಂದಳು ಡಾಕ್ಟರ ಕೋಣೆಯಿಂದ ಮರಳಿದ ಮಗಳು, ಅರ್ಧಕ್ಕೆ ನಿಂತಿದ್ದ ಆಟವನ್ನು ಮುಂದುವರಿಸುತ್ತಾ. ಗಣಿತದ ಮೇಡಂ ಆಗಿದ್ದ ತಾಯಿಯೇ ಕಲಿಸಿದ ಆಟವದು: ಒಬ್ಬರು ಹೇಳಿದ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯ ಸಂಖ್ಯೆಯೂ ಇನ್ನೊಬ್ಬರು ಹೇಳುವುದನ್ನು ಭಾಗಿಸಬಾರದು. ತಪ್ಪಿಗೆ ಮಾಫಿಯಿಲ್ಲ. ಹಿಂದೊಮ್ಮೆ ಮಗಳು ಕಾಯಿಲೆ ಬಿದ್ದು ಮಲಗಿ ತಪ್ಪಿದಾಗಲೂ, “ಜ್ವರ ಬಂತು ಅಂತ ಏಳು ಭಾಗಿಸೋದು ಬಿಡುತ್ತದೇನೇ?” ಎಂದು ತಾಯಿ ನಕ್ಕು ಸೋಲಿಸಿದ್ದಳು.

ತಾಯಿ ಆಕ್ಸಿಜನ್ ನಳಿಕೆಯನ್ನು ಸರಿಸಿಕೊಂಡು ಮಗಳ ಮುಖವನ್ನೇ ನೋಡಿದಳು. “ಮೂವತ್ತೈದು.”

ಎರಡನ್ನೂ ಏಳು ಭಾಗಿಸುತ್ತದೆ. ಮಗಳು ಬಗ್ಗಿ, ನೆಟ್ಟಗೇ ಇದ್ದ ಹೊದಿಕೆಯನ್ನು ಮತ್ತೆ ನೆಟ್ಟಗೆ ಮಾಡಿದಳು. “ಸರಿ ಅಮ್ಮ. ನಂದು ಮೂವತ್ತಾರು.”

ತಾಯಿ ಕಣ್ಣು ಮುಚ್ಚಿದಳು. “ಬೇಕಂತಲೇ ತಪ್ಪು ಹೇಳ್ದೆ ಕಣೇ. ನೀನು ಬಿಟ್ಬಿಟ್ಟೆ.” ಆಮೇಲೆ ಮಗಳ ಕೈ ತಡಕುತ್ತಾ ಕೇಳಿದಳು, “ಎಷ್ಟು ದಿನ ಅಂದ್ರು?”